ಗೈರುಹಾಜರಿಯಲ್ಲಿ ಆದ ಆದಾಯ ತೆರಿಗೆ ನಿರ್ಧರಣೆ: ಮೇಲ್ಮನವಿ ಸಲ್ಲಿಸುವ ಬಗೆ

ರಿಟರ್ನ್ಸ್ ಸಲ್ಲಿಸದವರ ಅಥವಾ ಇಲಾಖೆಯ ನೋಟಿಸುಗಳಿಗೆ ಉತ್ತರ ಕೊಡದವರ ಆದಾಯವನ್ನು ತನ್ನ ಬಳಿ ಇರುವ ಮಾಹಿತಿಯ ಮೇಲೆ ತಾನೇ ಅಂದಾಜು ಮಾಡಿ ತೆರಿಗೆ ಗೊತ್ತುಪಡಿಸುವ ಅಧಿಕಾರವನ್ನು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 144 ಅಸೆಸಿಂಗ್ ಆಫೀಸರ್‌ಗೆ ಕೊಟ್ಟಿದೆ. ಇಂಥ ಆದೇಶ ಬಂದವರು ಮೇಲ್ಮನವಿ ಬರೆಯಲು ಕುಳಿತಾಗ ಸಾಮಾನ್ಯವಾಗಿ ಒಂದೇ ಮಾತನ್ನು ಹೇಳುತ್ತಾರೆ: ನನಗೆ ನೋಟಿಸ್ ಗೊತ್ತಾಗಲಿಲ್ಲ, ನನಗೆ ಅನ್ಯಾಯವಾಗಿದೆ. ಆದರೆ ಮೇಲ್ಮನವಿ ಆಯುಕ್ತರ ಮುಂದೆ ಇರುವುದು ಎರಡು ಬೇರೆ ಬೇರೆ ಪ್ರಶ್ನೆಗಳು. ಆಗ ಏಕೆ ಉತ್ತರಿಸಲಿಲ್ಲ ಎಂಬುದು ಒಂದು. ನಿಜವಾದ ಆದಾಯ ಎಷ್ಟು, ಅದಕ್ಕೆ ದಾಖಲೆ ಏನು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟವರು ಹೆಚ್ಚೆಂದರೆ ಪ್ರಕರಣವನ್ನು ಮತ್ತೆ ಅದೇ ಅಧಿಕಾರಿಯ ಮುಂದೆ ಕಳಿಸಿಕೊಳ್ಳಬಹುದು. ತೆರಿಗೆ ಇಳಿಯಬೇಕಾದರೆ ಎರಡನೆಯ ಪ್ರಶ್ನೆಗೂ ಉತ್ತರ ಬೇಕು.

2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗುವಂಥದ್ದು. ಅದಕ್ಕಿಂತ ಹಿಂದಿನ ವರ್ಷಗಳ ನಿರ್ಧರಣೆ ಮತ್ತು ಮೇಲ್ಮನವಿಗಳು 1961ರ ಕಾಯ್ದೆಯ ಪ್ರಕಾರವೇ ಮುಂದುವರಿಯುತ್ತವೆ. ಆದ್ದರಿಂದ ಇಲ್ಲಿ ಕೊಟ್ಟಿರುವ ಸೆಕ್ಷನ್ ಸಂಖ್ಯೆಗಳೆಲ್ಲ ಹಳೆಯ ಕಾಯ್ದೆಯವು.

ಮೊದಲು ದಾಖಲೆ ಕೂಡಿಸಿಕೊಳ್ಳುವುದು

ಇ-ಫೈಲಿಂಗ್ ಪೋರ್ಟಲ್‌ಗೆ ನಿಮ್ಮ ಪ್ಯಾನ್ ಸಂಖ್ಯೆಯಿಂದ ಪ್ರವೇಶಿಸಿ, ಇ-ಪ್ರೊಸೀಡಿಂಗ್ಸ್ ವಿಭಾಗದಲ್ಲಿ ಆ ವರ್ಷಕ್ಕೆ ಸಂಬಂಧಿಸಿದ ಪ್ರತಿಯೊಂದು ನೋಟಿಸನ್ನೂ ಆದೇಶವನ್ನೂ ತೆರಿಗೆ ಕಟ್ಟುವಂತೆ ಕೇಳುವ ಸೆಕ್ಷನ್ 156ರ ಡಿಮ್ಯಾಂಡ್ ನೋಟಿಸನ್ನೂ ಇಳಿಸಿಕೊಳ್ಳಿ. ಬಳಿಕ ಒಂದು ಹಾಳೆಯಲ್ಲಿ ನೋಟಿಸಿನ ಸೆಕ್ಷನ್, ದಿನಾಂಕ, ಉತ್ತರಿಸಲು ಕೊಟ್ಟ ಗಡುವು, ಅದನ್ನು ಯಾವ ಇಮೇಲಿಗೆ ಅಥವಾ ವಿಳಾಸಕ್ಕೆ ಕಳಿಸಲಾಗಿದೆ ಎಂಬುದನ್ನು ಸಾಲಾಗಿ ಬರೆಯಿರಿ. ಈ ಹಾಳೆಯೇ ಮುಂದೆ ಅರ್ಧ ವಾದವಾಗುತ್ತದೆ. ನಮ್ಮ ಕಡೆ ಹಳ್ಳಿಯ ಬೆಳೆಗಾರರು, ಸಣ್ಣ ವ್ಯಾಪಾರಿಗಳು ಪ್ಯಾನ್ ಮಾಡಿಸುವಾಗ ಸೈಬರ್ ಸೆಂಟರಿನವರ ಅಥವಾ ಹಳೆಯ ಲೆಕ್ಕಿಗರ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯನ್ನೇ ಕೊಟ್ಟಿರುತ್ತಾರೆ. ನೋಟಿಸುಗಳೆಲ್ಲ ಅಲ್ಲಿಗೆ ಹೋಗಿ ಬಿದ್ದಿರುತ್ತವೆ. ಹಾಗಿದ್ದರೆ ಪ್ರೊಫೈಲ್ ಪುಟದ ಪ್ರತಿಯನ್ನು ತೆಗೆದಿಟ್ಟುಕೊಂಡ ಮೇಲೆಯೇ ನಿಮ್ಮ ಸ್ವಂತ ಇಮೇಲಿಗೆ ಬದಲಾಯಿಸಿ. ಬದಲಾಯಿಸುವುದು ಅಗತ್ಯ, ಆದರೆ ಹಳೆಯದರ ಪುರಾವೆ ಮೊದಲು ಕೈಯಲ್ಲಿರಬೇಕು.

ಆದೇಶವನ್ನು ಓದುವಾಗ ಅಧಿಕಾರಿ ಯಾವ ಕಾರಣಕ್ಕೆ ಸೆಕ್ಷನ್ 144ನ್ನು ಬಳಸಿದರು ಎಂಬುದನ್ನು ಗುರುತು ಹಾಕಿಕೊಳ್ಳಿ. ರಿಟರ್ನ್ಸ್ ಸಲ್ಲಿಸದಿರುವುದು, ರಿಟರ್ನ್ಸ್ ಅಥವಾ ಮಾಹಿತಿ ಕೇಳುವ 142(1)ರ ನೋಟಿಸಿಗೆ ಅಥವಾ ವಿಶೇಷ ಲೆಕ್ಕಪರಿಶೋಧನೆಯ ಸೂಚನೆಗೆ ನಡೆದುಕೊಳ್ಳದಿರುವುದು, ರಿಟರ್ನ್ಸ್ ಸಲ್ಲಿಸಿಯೂ ಅದರ ಪರಿಶೀಲನೆಗಾಗಿ ಬರುವ 143(2)ರ ನೋಟಿಸಿಗೆ ಉತ್ತರಿಸದಿರುವುದು, ಇವಿಷ್ಟೇ ಅದಕ್ಕೆ ಆಧಾರಗಳು. ಆದೇಶ ಮಾಡುವ ಮೊದಲು ಕಾರಣ ಹೇಳಿಕೊಳ್ಳುವ ಅವಕಾಶ ಕೊಡಬೇಕೆಂಬ ನಿಯಮವಿದೆ ನಿಜ. ಆದರೆ 142(1)ರ ನೋಟಿಸನ್ನು ಮೊದಲೇ ಕೊಟ್ಟಿದ್ದರೆ ಮತ್ತೊಂದು ಅವಕಾಶ ಬೇಕಿಲ್ಲವೆಂದು ಅದೇ ಸೆಕ್ಷನ್ ಹೇಳುತ್ತದೆ. ಇದನ್ನು ನೋಡದೆ ‘ಅವಕಾಶವೇ ಕೊಟ್ಟಿಲ್ಲ’ ಎಂದು ಬರೆದರೆ ಆ ಕಾರಣ ಮೊದಲ ಓದಿಗೇ ಬಿದ್ದುಹೋಗುತ್ತದೆ. 142(1)ರ ನೋಟಿಸ್ ನಿಮಗೆ ತಲುಪಿಯೇ ಇಲ್ಲವೆಂಬುದು ಬೇರೆಯೇ ವಾದ, ಅದನ್ನು ಹಾಗೆಂದೇ ಬರೆಯಬೇಕು. ನೋಟಿಸನ್ನು ಪೋರ್ಟಲ್‌ನಲ್ಲಿ ಹಾಕಿದ ಮಾತ್ರಕ್ಕೆ ಸೆಕ್ಷನ್ 282ರ ಪ್ರಕಾರ ಜಾರಿ ಮಾಡಿದಂತೆ, ಅಂದರೆ ತಲುಪಿಸಿದಂತೆ, ಆಗುವುದಿಲ್ಲ ಎಂದು ಪಂಜಾಬ್ ಮತ್ತು ಹರ್ಯಾಣ ಹೈಕೋರ್ಟ್ 2024ರಲ್ಲಿ ಹೇಳಿದೆ.

ಮೂವತ್ತು ದಿನ

ಮೇಲ್ಮನವಿಗೆ ಇರುವ ಕಾಲಾವಕಾಶ ಡಿಮ್ಯಾಂಡ್ ನೋಟಿಸ್ ಜಾರಿಯಾದ ದಿನವನ್ನು ಬಿಟ್ಟು 30 ದಿನ. ಮಾರ್ಚ್ 14ರಂದು ಜಾರಿಯಾಗಿದ್ದರೆ ಏಪ್ರಿಲ್ 13 ಕೊನೆಯ ದಿನ. ಹಿಂದೆ ಸೆಕ್ಷನ್ 146 ಎಂಬುದೊಂದಿತ್ತು; ಗೈರುಹಾಜರಾದವನು ಒಂದು ತಿಂಗಳೊಳಗೆ ಅದೇ ಅಧಿಕಾರಿಗೆ ಅರ್ಜಿ ಕೊಟ್ಟು, ಸಾಕಷ್ಟು ಕಾರಣ ತೋರಿಸಿ ಆದೇಶವನ್ನು ರದ್ದು ಮಾಡಿಸಿಕೊಳ್ಳಬಹುದಿತ್ತು. 1989ರ ಏಪ್ರಿಲ್ 1ರಿಂದ ಅದನ್ನು ತೆಗೆದುಹಾಕಲಾಗಿದೆ. ಆದ್ದರಿಂದ ಅಧಿಕಾರಿಗೆ ಪತ್ರ ಬರೆದು ಉತ್ತರಕ್ಕಾಗಿ ಕಾಯುತ್ತ ದಿನ ಕಳೆಯುವುದರಿಂದ ಪ್ರಯೋಜನವಿಲ್ಲ. ಕೂಡುವ ಕಳೆಯುವ ತಪ್ಪು, ಬಿಟ್ಟುಹೋದ ಟಿಡಿಎಸ್ ಜಮೆ ಮುಂತಾದ ಕಣ್ಣಿಗೆ ಕಾಣುವ ದೋಷಗಳಿಗೆ ಮಾತ್ರ ಸೆಕ್ಷನ್ 154ರ ತಿದ್ದುಪಡಿ ಅರ್ಜಿ ಸಾಕಾಗುತ್ತದೆ.

ಗಡುವು ಮೀರಿದ್ದರೆ ಆಯುಕ್ತರು ಸೆಕ್ಷನ್ 249(3)ರ ಕೆಳಗೆ ವಿಳಂಬವನ್ನು ಮನ್ನಿಸಬಹುದು. ಇಂಥ ಅರ್ಜಿಗಳನ್ನು ಉದಾರವಾಗಿ ನೋಡಬೇಕು, ತಡವಾಗಿ ಬರುವುದರಿಂದ ಕಕ್ಷಿದಾರನಿಗೆ ಸಾಮಾನ್ಯವಾಗಿ ಯಾವ ಲಾಭವೂ ಇಲ್ಲ ಎಂಬ ಧೋರಣೆಯನ್ನು ಸುಪ್ರೀಂ ಕೋರ್ಟ್ 1987ರ ಕಾತಿಜಿ ಪ್ರಕರಣದಲ್ಲಿ ತಳೆಯಿತು. ಹಾಗೆಂದು ‘ಕಾನೂನಿನ ಅರಿವಿರಲಿಲ್ಲ’ ಎಂಬ ಒಂದು ಸಾಲಿನ ಅರ್ಜಿ ನಿಲ್ಲುವುದಿಲ್ಲ. ಆದೇಶ ಯಾವಾಗ ಆಯಿತು, ಅದು ನಿಮ್ಮ ಗಮನಕ್ಕೆ ಬಂದದ್ದು ಯಾವ ದಿನ, ಹೇಗೆ (ಬ್ಯಾಂಕ್ ಖಾತೆ ಜಪ್ತಿಯಾದಾಗಲೋ, ವಸೂಲಿ ಪತ್ರ ಬಂದಾಗಲೋ), ಆ ದಿನದಿಂದ ಅರ್ಜಿ ಸಲ್ಲಿಸುವವರೆಗೆ ಏನೇನು ಮಾಡಿದಿರಿ ಎಂಬುದನ್ನು ದಿನಾಂಕ ಸಹಿತ ಬರೆದು, ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ, ಬ್ಯಾಂಕಿನ ಪತ್ರ, ಪಾಸ್‌ಪೋರ್ಟಿನ ಪುಟ, ಏನಿದೆಯೋ ಅದನ್ನು ಲಗತ್ತಿಸಿ, ಅಫಿಡವಿಟ್ ಕೊಡಿ. ವಿಳಂಬಕ್ಕೆ ಹಳೆಯ ಲೆಕ್ಕಿಗರೇ ಕಾರಣವೆಂದು ಹೇಳುವುದಾದರೆ ಸಾಧ್ಯವಾದ ಮಟ್ಟಿಗೆ ಅವರಿಂದಲೂ ಒಂದು ಹೇಳಿಕೆ ಪಡೆಯಿರಿ. ಇನ್ನೊಬ್ಬರ ಮೇಲೆ ಹೊರಿಸಿದ ಬರಿಯ ಮಾತಿಗೆ ಬೆಲೆ ಕಡಿಮೆ.

ಫಾರಂ 35

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಾಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ರಿಟರ್ನ್ಸ್ ಸಲ್ಲಿಸಿಲ್ಲ. ಅವರ ಉಳಿತಾಯ ಖಾತೆಗೆ ವರ್ಷದಲ್ಲಿ 18,40,000 ರೂಪಾಯಿ ನಗದು ಜಮೆಯಾಗಿದೆ. ವರ್ಷಕ್ಕೆ 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ನಗದು ಜಮೆಯನ್ನು ಬ್ಯಾಂಕು ಇಲಾಖೆಗೆ ವರದಿ ಮಾಡಲೇಬೇಕು. ಆ ವರದಿಯ ಮೇಲೆ ಆ ವರ್ಷದ ನಿರ್ಧರಣೆಯನ್ನು ತೆರೆಯುವ ಸೆಕ್ಷನ್ 148ರ ನೋಟಿಸ್ ಬಂತು, ಉತ್ತರ ಹೋಗಲಿಲ್ಲ. ಅಧಿಕಾರಿ ಪೂರ್ತಿ ಮೊತ್ತವನ್ನು ಸೆಕ್ಷನ್ 69ಎ ಪ್ರಕಾರ ವಿವರಣೆ ಇಲ್ಲದ ಹಣವೆಂದು ಹಿಡಿದರು. ಅದಕ್ಕೆ ಸೆಕ್ಷನ್ 115ಬಿಬಿಇ ಪ್ರಕಾರ ಶೇ 60 ತೆರಿಗೆ, ಅದರ ಮೇಲೆ ಶೇ 25 ಸರ್ಚಾರ್ಜ್, ಮತ್ತೆ ಶೇ 4 ಸೆಸ್ ಸೇರಿ ಶೇ 78, ಅಂದರೆ 14,35,200 ರೂಪಾಯಿ. ಬಡ್ಡಿ ಬೇರೆ. ಮೂಲ ವಿನಾಯಿತಿ ಮಿತಿಯೂ ಇಲ್ಲಿ ಸಿಗುವುದಿಲ್ಲ.

ಇವರು ಸಲ್ಲಿಸಬೇಕಾದದ್ದು ಪೋರ್ಟಲ್‌ನಲ್ಲಿ ಸಿಗುವ ಮೇಲ್ಮನವಿ ಅರ್ಜಿ, ಅಂದರೆ ಫಾರಂ 35. ಶುಲ್ಕವು ಅಧಿಕಾರಿ ಗೊತ್ತುಮಾಡಿದ ಆದಾಯವನ್ನು ಅವಲಂಬಿಸಿದೆ: 1 ಲಕ್ಷದವರೆಗೆ 250, 2 ಲಕ್ಷದವರೆಗೆ 500, ಅದಕ್ಕೆ ಮೇಲ್ಪಟ್ಟರೆ 1,000 ರೂಪಾಯಿ. ಚಲನ್ ಕಟ್ಟಿ ಅದರ ವಿವರವನ್ನು ಫಾರಂನಲ್ಲಿ ತುಂಬಬೇಕು. ಸಂಗತಿಗಳ ವಿವರಣೆಗೆ 1,000 ಪದಗಳ, ಪ್ರತಿಯೊಂದು ಆಕ್ಷೇಪಣಾ ಕಾರಣಕ್ಕೆ 100 ಪದಗಳ ಮಿತಿ ಇದೆ. ಸಂಗತಿಗಳಲ್ಲಿ ವಾದ ಬೇಡ. ಜಮೀನು ಎಷ್ಟು, ಬೆಳೆ ಏನು, ಖಾತೆ ಯಾವುದು, ನೋಟಿಸುಗಳು ಎಲ್ಲಿಗೆ ಹೋದವು, ಅಷ್ಟೇ ಇರಲಿ. ಕಾರಣಗಳು ಒಂದೊಂದು ವಿಷಯಕ್ಕೆ ಒಂದೊಂದರಂತೆ ಇರಬೇಕು. ‘ಆದೇಶವು ಕಾನೂನಿಗೂ ನ್ಯಾಯಕ್ಕೂ ವಿರುದ್ಧವಾಗಿದೆ’ ಎಂಬ ವಾಡಿಕೆಯ ಸಾಲಿನಿಂದ ಕೆಡುಕಿಲ್ಲ, ಪ್ರಯೋಜನವೂ ಇಲ್ಲ. ಅದರ ಬದಲು ಹೀಗೆ ಬರೆಯಬಹುದು: ‘ಖಾತೆಗೆ ಜಮೆಯಾದ ರೂ. 18,40,000 ಪೈಕಿ ರೂ. 11,60,000 ಮೇಲ್ಮನವಿದಾರರು ತಮ್ಮ ಸ್ವಂತ ತೋಟದ ಅಡಿಕೆಯನ್ನು ಮಾರಿದ ಹಣವಾಗಿದ್ದು, ಸೆಕ್ಷನ್ 10(1)ರ ಪ್ರಕಾರ ತೆರಿಗೆಯಿಂದ ಮುಕ್ತವಾಗಿದೆ. ಅದನ್ನು ಸೆಕ್ಷನ್ 69ಎ ಅಡಿ ಸೇರಿಸಿರುವುದು ಸರಿಯಲ್ಲ.’ ವ್ಯವಹಾರದಲ್ಲಿ ಇದೆಲ್ಲ ಇಂಗ್ಲಿಷಿನಲ್ಲೇ ಹೋಗುತ್ತದೆ. ವಿಷಯ ಮಾತ್ರ ಹೀಗೆ ಮೊತ್ತ, ಮೂಲ, ಸೆಕ್ಷನ್ ಮೂರನ್ನೂ ಹಿಡಿದಿರಬೇಕು.

ಅಂದಾಜು ಹೇಗಿರಬೇಕೆಂಬುದಕ್ಕೂ ಒಂದು ಕಾರಣ ಇಟ್ಟುಕೊಳ್ಳುವುದು ಒಳ್ಳೆಯದು. ಅಧಿಕಾರಿ ಸೇಡಿನಿಂದಲೋ ಮನಸ್ಸಿಗೆ ಬಂದಂತೆಯೋ ಅಂದಾಜು ಮಾಡಬಾರದು, ಊಹೆ ಇದ್ದರೂ ಅದು ಪ್ರಾಮಾಣಿಕ ಊಹೆಯಾಗಿರಬೇಕು ಎಂದು ಪ್ರಿವಿ ಕೌನ್ಸಿಲ್ 1937ರಲ್ಲೇ ಹೇಳಿತ್ತು. ಕೇರಳದ ಮಾರಾಟ ತೆರಿಗೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ಅಂದಾಜಿಗೂ ಲಭ್ಯವಿರುವ ಮಾಹಿತಿಗೂ ಸಮಂಜಸವಾದ ನಂಟಿರಬೇಕೆಂದು ಹೇಳಿದೆ. ಖಾತೆಯಿಂದ ತೆಗೆದ ಹಣವನ್ನು ಗಮನಿಸದೆ ಜಮೆಯನ್ನಷ್ಟೇ ಕೂಡಿಸಿದ ಆದೇಶಕ್ಕೆ, ಕಿರಾಣಿ ಅಂಗಡಿಯ ಇಡೀ ವಹಿವಾಟನ್ನೇ ಲಾಭವೆಂದು ಹಿಡಿದ ಆದೇಶಕ್ಕೆ ಈ ತತ್ವ ನೇರವಾಗಿ ಅನ್ವಯಿಸುತ್ತದೆ.

ಫಾರಂನಲ್ಲಿ ಬಹಳ ಜನ ಎಡವುವ ಒಂದು ಅಂಕಣವಿದೆ. ರಿಟರ್ನ್ಸ್ ಸಲ್ಲಿಸದವರು ತಾವು ಕಟ್ಟಬೇಕಾಗಿದ್ದ ಮುಂಗಡ ತೆರಿಗೆಯಷ್ಟು (ವರ್ಷ ಮುಗಿಯುವ ಮೊದಲೇ ಕಂತುಗಳಲ್ಲಿ ಕಟ್ಟುವ ತೆರಿಗೆ) ಹಣವನ್ನು ಕಟ್ಟಿರದಿದ್ದರೆ ಮೇಲ್ಮನವಿಯನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ ಎಂದು ಸೆಕ್ಷನ್ 249(4)(ಬಿ) ಹೇಳುತ್ತದೆ. ಈ ಅಂಕಣವನ್ನು ಖಾಲಿ ಬಿಟ್ಟದ್ದಕ್ಕೇ ವಜಾ ಆದ ಮೇಲ್ಮನವಿಗಳುಂಟು. ನಿಮ್ಮ ಲೆಕ್ಕದ ಪ್ರಕಾರ ತೆರಿಗೆಗೆ ಒಳಪಡುವ ಆದಾಯವೇ ಇಲ್ಲದಿದ್ದರೆ, ಅಥವಾ ವರ್ಷದ ತೆರಿಗೆ ಬಾಧ್ಯತೆ 10,000 ರೂಪಾಯಿಗಿಂತ ಕಡಿಮೆ ಇದ್ದರೆ, ಅಥವಾ ನೀವು 60 ವರ್ಷ ತುಂಬಿದ, ವ್ಯಾಪಾರ ಅಥವಾ ವೃತ್ತಿಯ ಆದಾಯವಿಲ್ಲದ ಹಿರಿಯ ನಾಗರಿಕರಾಗಿದ್ದರೆ ಮುಂಗಡ ತೆರಿಗೆಯ ಹೊಣೆಯೇ ಬರುವುದಿಲ್ಲ. ಅದನ್ನು ಲೆಕ್ಕದೊಂದಿಗೆ ಅಲ್ಲಿಯೇ ಬರೆಯಿರಿ. ಹೊಣೆ ಇದ್ದೂ ಕಟ್ಟಲಾಗದಿದ್ದರೆ ವಿನಾಯಿತಿ ಕೋರಿ ಪ್ರತ್ಯೇಕ ಅರ್ಜಿ ಕೊಡಬಹುದು, ಆಯುಕ್ತರು ಕಾರಣ ದಾಖಲಿಸಿ ವಿನಾಯಿತಿ ನೀಡಬಹುದು. ರಿಟರ್ನ್ಸ್ ಸಲ್ಲಿಸಿದವರಿಗೆ ಈ ಸೌಲಭ್ಯವಿಲ್ಲ, ಅವರು ಒಪ್ಪಿಕೊಂಡ ಆದಾಯದ ತೆರಿಗೆಯನ್ನು ಕಟ್ಟಿಯೇ ಬರಬೇಕು.

ನಿಯಮ 46ಎ: ಹೊಸ ದಾಖಲೆಗಳನ್ನು ಒಳಗೆ ತರುವುದು

ಗೈರುಹಾಜರಾದವರ ಮೇಲ್ಮನವಿ ನಿಲ್ಲುವುದೂ ಬೀಳುವುದೂ ಇಲ್ಲಿ. ಅಧಿಕಾರಿಯ ಮುಂದೆ ಒಂದು ಕಾಗದವನ್ನೂ ಇಟ್ಟಿಲ್ಲವಾದ್ದರಿಂದ ನೀವು ಈಗ ಕೊಡುವುದೆಲ್ಲ ಕಾನೂನಿನ ದೃಷ್ಟಿಯಲ್ಲಿ ಹೆಚ್ಚುವರಿ ಸಾಕ್ಷ್ಯ. ಅದನ್ನು ಸ್ವೀಕರಿಸಲು ಆದಾಯ ತೆರಿಗೆ ನಿಯಮಗಳ ನಿಯಮ 46ಎ ನಾಲ್ಕು ಸಂದರ್ಭಗಳನ್ನು ಹೇಳುತ್ತದೆ: ಅಧಿಕಾರಿ ತೆಗೆದುಕೊಳ್ಳಬೇಕಾಗಿದ್ದ ಸಾಕ್ಷ್ಯವನ್ನು ನಿರಾಕರಿಸಿದ್ದು, ಅಧಿಕಾರಿ ಕೇಳಿದ್ದನ್ನು ಸಾಕಷ್ಟು ಕಾರಣದಿಂದ ಕೊಡಲಾಗದೆ ಹೋದದ್ದು, ಮೇಲ್ಮನವಿಯ ಕಾರಣಕ್ಕೆ ಸಂಬಂಧಿಸಿದ ಸಾಕ್ಷ್ಯವನ್ನು ಸಾಕಷ್ಟು ಕಾರಣದಿಂದ ಕೊಡಲಾಗದೆ ಹೋದದ್ದು, ಮತ್ತು ಸಾಕಷ್ಟು ಅವಕಾಶ ಕೊಡದೆ ಆದೇಶ ಮಾಡಿದ್ದು. ಇವುಗಳಲ್ಲಿ ನಿಮ್ಮದು ಯಾವುದೆಂದು ಹೆಸರಿಸಿ ಪ್ರತ್ಯೇಕ ಅರ್ಜಿ ಬರೆಯಿರಿ. ಅರ್ಜಿ ಇಲ್ಲದೆ ಬರಿಯ ಪಿಡಿಎಫ್‌ಗಳನ್ನು ಪೋರ್ಟಲ್‌ಗೆ ಹಾಕಿಬಿಟ್ಟರೆ ಅವುಗಳನ್ನು ನೋಡದೆಯೇ ಆದೇಶ ಬರಬಹುದು. ಮೊದಲು ಮಾಡಿಟ್ಟ ನೋಟಿಸುಗಳ ಹಾಳೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ಉದಾಹರಣೆಯ ಬೆಳೆಗಾರರಿಗೆ ಬೇಕಾದದ್ದು ಆ ವರ್ಷದ ಪಹಣಿ, ಅದರಲ್ಲಿ ಬೆಳೆಯ ಕಾಲಂನಲ್ಲಿ ಅಡಿಕೆ ನಮೂದಾಗಿರುವುದು, ಮಂಡಿಯ ಮಾರಾಟ ಪಟ್ಟಿಗಳು, ಮತ್ತು ಆ ವರ್ಷದ ಜೊತೆಗೆ ಹಿಂದಿನ ಒಂದು ವರ್ಷದ ಪಾಸ್‌ಬುಕ್. ಇವನ್ನು ಹಾಗೆಯೇ ಕೊಡದೆ ಒಂದು ಪಟ್ಟಿ ಮಾಡಬೇಕು: ಪ್ರತಿಯೊಂದು ಜಮೆಯ ದಿನಾಂಕ, ಮೊತ್ತ, ಅದರ ಎದುರಿಗೆ ಹಣ ಬಂದ ಮೂಲ, ಆ ಮೂಲದ ದಿನಾಂಕ, ದಾಖಲೆ ಇರುವ ಪುಟ ಸಂಖ್ಯೆ. ಮಾರಾಟದ ಹಣ 11,60,000, ಸಹಕಾರ ಸಂಘದ ಖಾತೆಯಿಂದ ಮೊದಲೇ ತೆಗೆದು ಮತ್ತೆ ಇಲ್ಲಿ ಕಟ್ಟಿದ್ದು 4,50,000, ಮನೆಯಲ್ಲಿದ್ದ ಹಿಂದಿನ ಉಳಿತಾಯ 2,30,000, ಕೂಡಿದರೆ 18,40,000. ಮಾರಾಟದ ಪಟ್ಟಿ ಮಾರ್ಚ್ 20ರದ್ದಾಗಿ, ಅದಕ್ಕೆ ಎದುರಾದ ಜಮೆ ಮಾರ್ಚ್ 12ರದ್ದಾಗಿದ್ದರೆ ಆ ಸಾಲು ನಿಲ್ಲುವುದಿಲ್ಲ. ಪಟ್ಟಿ ಮಾಡುವಾಗಲೇ ಇದು ಗೊತ್ತಾಗಬೇಕು, ಅಧಿಕಾರಿಯ ವರದಿಯಿಂದಲ್ಲ. ಹಣ ತೆಗೆದದ್ದಕ್ಕೂ ಮತ್ತೆ ಕಟ್ಟಿದ್ದಕ್ಕೂ ನಡುವೆ ಬಹಳ ತಿಂಗಳಿದ್ದರೆ ಏಕೆ ತೆಗೆದಿರಿ, ಆ ಕೆಲಸ ಏಕೆ ಆಗಲಿಲ್ಲ ಎಂದೂ ಹೇಳಬೇಕು.

ಮೂರರಲ್ಲಿ ದುರ್ಬಲವಾದದ್ದು ಕೊನೆಯ 2,30,000. ಅದಕ್ಕೆ ಹಿಂದಿನ ವರ್ಷಗಳ ಮಾರಾಟ ಪಟ್ಟಿ, ತೋಟದ ವಿಸ್ತೀರ್ಣ, ಮನೆಯ ಖರ್ಚಿನ ಅಂದಾಜು ಇವುಗಳಿಂದ ಬಲ ತುಂಬಬಹುದು. ಆದರೂ ಅದಷ್ಟು ಉಳಿದರೆ ತೆರಿಗೆ 1,79,400 ರೂಪಾಯಿಗೆ ನಿಲ್ಲುತ್ತದೆ ಎಂಬುದನ್ನು ಕಕ್ಷಿದಾರರಿಗೆ ಮೊದಲೇ ಹೇಳಿಬಿಡುವುದು ಮೇಲು. ಎಲ್ಲವನ್ನೂ ಅಡಿಕೆಯ ತಲೆಗೆ ಕಟ್ಟಿ ಎಕರೆಗೆ ನಂಬಲಾಗದ ಇಳುವರಿ ತೋರಿಸಿದರೆ ನಿಜವಾದ 11,60,000ಕ್ಕೂ ಸಂಶಯ ಹತ್ತಿಕೊಳ್ಳುತ್ತದೆ.

ಪಟ್ಟಿಗಳನ್ನು ಸಲ್ಲಿಸುವ ಮುನ್ನ ಇನ್ನೊಂದನ್ನು ನೋಡಿ. ಒಬ್ಬರಿಂದ ಒಂದು ದಿನಕ್ಕೆ ಅಥವಾ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ಹಣವನ್ನು ನಗದಾಗಿ ಪಡೆಯುವುದನ್ನು ಸೆಕ್ಷನ್ 269ಎಸ್‌ಟಿ 2017ರ ಏಪ್ರಿಲ್‌ನಿಂದ ನಿಷೇಧಿಸಿದೆ, ಮತ್ತು ಪಡೆದಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ. ಅಂಥ ಪಟ್ಟಿ ಇದ್ದರೆ ಅದನ್ನು ಮುಚ್ಚಿಡುವುದು ಉತ್ತರವಲ್ಲ, ಆದರೆ ಒಳ್ಳೆಯ ಸಲಹೆಗಾರರ ಜೊತೆ ಕುಳಿತು ವಿವರಣೆ ಸಿದ್ಧವಾದ ಮೇಲೆ ಸಲ್ಲಿಸಬೇಕು. ಹಾಲಿನ ಹಣವನ್ನೂ ಕೃಷಿ ಆದಾಯದ ಲೆಕ್ಕಕ್ಕೆ ಸೇರಿಸಬಾರದು; ಹೈನುಗಾರಿಕೆ ತೆರಿಗೆಯ ಕಣ್ಣಿನಲ್ಲಿ ವ್ಯಾಪಾರ.

ಈಗ ಮೇಲ್ಮನವಿಗಳನ್ನು ಮುಖಾಮುಖಿ ಇಲ್ಲದ ವ್ಯವಸ್ಥೆಯಲ್ಲಿ ನೋಡುವುದರಿಂದ ನಿಮ್ಮ ಕಡತ ದೇಶದ ಯಾವ ಊರಿನ ಅಧಿಕಾರಿಯ ಮುಂದಾದರೂ ಇರಬಹುದು. ಅವರಿಗೆ ಕನ್ನಡ ಬರುವುದೆಂದು ಭಾವಿಸುವಂತಿಲ್ಲ. ಪಹಣಿಗೂ ಮಂಡಿ ಪಟ್ಟಿಗೂ ಇಂಗ್ಲಿಷ್ ಅನುವಾದ ಜೋಡಿಸಿ, ಎಕರೆಗೆ 40 ಗುಂಟೆ ಎಂಬುದನ್ನೂ, ಪಹಣಿ ತಂದೆಯ ಹೆಸರಿನಲ್ಲೇ ಉಳಿದಿದ್ದರೆ ವಂಶವೃಕ್ಷವನ್ನೂ ಕೊಡಿ. ನೀವು ಕೊಟ್ಟ ಸಾಕ್ಷ್ಯವನ್ನು ಪರಿಶೀಲಿಸಲು ಆಯುಕ್ತರು ಅಸೆಸಿಂಗ್ ಆಫೀಸರ್‌ಗೆ ಅವಕಾಶ ಕೊಡಲೇಬೇಕು. ಅವರಿಂದ ಬರುವ ವರದಿಯ ಪ್ರತಿ ಕೇಳಿ ಪಡೆದು, ಸಾಲು ಸಾಲಾಗಿ ಉತ್ತರ ಬರೆಯಿರಿ.

ಏನನ್ನು ಬೇಡಿಕೊಳ್ಳಬೇಕು

2024ರ ಅಕ್ಟೋಬರ್ 1ರಿಂದ ಸೆಕ್ಷನ್ 144ರ ಆದೇಶಗಳ ಮಟ್ಟಿಗೆ ಆಯುಕ್ತರಿಗೆ ಹೊಸದೊಂದು ಅಧಿಕಾರ ಬಂದಿದೆ: ನಿರ್ಧರಣೆಯನ್ನು ರದ್ದುಮಾಡಿ ಹೊಸದಾಗಿ ಮಾಡುವಂತೆ ಕೆಳಗೆ ಕಳಿಸಬಹುದು. 2001ರಲ್ಲಿ ತೆಗೆದುಹಾಕಿದ್ದ ಅಧಿಕಾರವಿದು. ಎಲ್ಲರೂ ಇದನ್ನೇ ಬೇಡುತ್ತಿದ್ದಾರೆ, ಆದರೆ ದಾಖಲೆ ಪೂರ್ತಿ ಕೈಯಲ್ಲಿರುವವರು ಇದನ್ನು ಮೊದಲ ಬೇಡಿಕೆ ಮಾಡಿಕೊಳ್ಳಬಾರದು ಎಂದು ನನ್ನ ಅಭಿಪ್ರಾಯ. ಕೆಳಗೆ ಹೋದ ಪ್ರಕರಣ ಮುಗಿಯಲು ಮತ್ತೊಂದು ವರ್ಷಕ್ಕೂ ಹೆಚ್ಚು ಹಿಡಿಯಬಹುದು, ಆವರೆಗೆ ಕಟ್ಟಿದ ಹಣವೂ ವಾಪಸಾಗುವುದಿಲ್ಲ. ಹೊಸ ಆದೇಶ ಆದ ಮೇಲೆಯೇ ಮರುಪಾವತಿ ಎಂದು ಸೆಕ್ಷನ್ 240 ಹೇಳುತ್ತದೆ. ಗುಣದೋಷದ ಮೇಲೆ ತೀರ್ಮಾನವನ್ನು ಮುಖ್ಯ ಬೇಡಿಕೆಯಾಗಿಯೂ, ಹೊಸ ನಿರ್ಧರಣೆಯನ್ನು ಪರ್ಯಾಯವಾಗಿಯೂ ಇಡಿ. ದಾಖಲೆ ಇನ್ನೂ ಕೂಡಿಸಬೇಕಾದವರಿಗೆ ಮಾತ್ರ ಇದು ತಿರುವುಮುರುವು. ಆಯುಕ್ತರಿಗೆ ನೋಟಿಸ್ ಕೊಟ್ಟು ಆದಾಯವನ್ನು ಹೆಚ್ಚಿಸುವ ಅಧಿಕಾರವೂ ಇದೆ ಎಂಬುದು ನೆನಪಿರಲಿ.

ಮೇಲ್ಮನವಿ ಬೇಡವೆನ್ನುವವರು ಸೆಕ್ಷನ್ 264ರ ಪುನರ್ವಿಮರ್ಶೆಗೆ ಒಂದು ವರ್ಷದೊಳಗೆ 500 ರೂಪಾಯಿ ಶುಲ್ಕದೊಂದಿಗೆ ಹೋಗಬಹುದು. ಎರಡನ್ನೂ ಒಟ್ಟಿಗೆ ನಡೆಸುವಂತಿಲ್ಲ. ನೋಟಿಸೇ ತಲುಪದ ಪ್ರಕರಣಗಳಲ್ಲಿ ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ರಿಟ್ ಹಾಕುವವರೂ ಇದ್ದಾರೆ. ಆದರೆ ಮೇಲ್ಮನವಿಯ ದಾರಿ ಇರುವಾಗ ರಿಟ್ ನಿಲ್ಲುವುದು ಅಪರೂಪ.

ವಸೂಲಿಗೆ ತಡೆ, ವಿಚಾರಣೆ, ಮುಂದಿನದು

ಮೇಲ್ಮನವಿ ಸಲ್ಲಿಸಿದರೆ ವಸೂಲಿ ತಾನಾಗಿ ನಿಲ್ಲುವುದಿಲ್ಲ. ಸೆಕ್ಷನ್ 220(6)ರ ಕೆಳಗೆ ಅಸೆಸಿಂಗ್ ಆಫೀಸರ್‌ಗೆ ಪ್ರತ್ಯೇಕ ಅರ್ಜಿ ಕೊಡಬೇಕು. 2017ರ ಜುಲೈ 31ರ ಸುತ್ತೋಲೆಯಂತೆ ವಿವಾದಿತ ಬೇಡಿಕೆಯ ಶೇ 20ರಷ್ಟನ್ನು ಕಟ್ಟಿದರೆ ಉಳಿದದ್ದಕ್ಕೆ ತಡೆ ಸಿಗುವುದು ವಾಡಿಕೆ. ನಮ್ಮ ಉದಾಹರಣೆಯಲ್ಲಿ ಬಡ್ಡಿ ಬಿಟ್ಟು 2,87,040 ರೂಪಾಯಿ. ಶೇ 20ಕ್ಕಿಂತ ಕಡಿಮೆಗೂ ತಡೆ ಕೊಡುವ ಅಧಿಕಾರ ಅವರಿಗಿದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿರುವುದರಿಂದ, ಕೈಯಲ್ಲಿ ಹಣವಿಲ್ಲದವರು ಆರ್ಥಿಕ ಸ್ಥಿತಿಯ ದಾಖಲೆ ಕೊಟ್ಟು ಕೇಳಬೇಕು, ನಿರಾಕರಿಸಿದರೆ ಪ್ರಧಾನ ಆಯುಕ್ತರಿಗೆ ಬರೆಯಬೇಕು. ಪೋರ್ಟಲ್‌ನ ಬಾಕಿ ಬೇಡಿಕೆ ವಿಭಾಗದಲ್ಲೂ ‘ಒಪ್ಪುವುದಿಲ್ಲ’ ಎಂದು ದಾಖಲಿಸಿ. ತಡೆ ಸಿಕ್ಕರೂ ತಿಂಗಳಿಗೆ ಶೇ 1ರ ಬಡ್ಡಿ ಓಡುತ್ತಲೇ ಇರುತ್ತದೆ.

ವಿಚಾರಣೆಯ ನೋಟಿಸುಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬಾರದೆ, ಒಂದು ದಿನ ಕೆಲವೇ ದಿನಗಳ ಗಡುವಿನೊಂದಿಗೆ ಇಮೇಲಿಗೆ ಬರುತ್ತವೆ. ಮೊದಲೊಮ್ಮೆ ಗೈರುಹಾಜರಾದವರು ಇಲ್ಲಿಯೂ ಗೈರುಹಾಜರಾಗುವುದು ಅಚ್ಚರಿಪಡುವಷ್ಟು ಸಾಮಾನ್ಯ, ಮತ್ತು ಎರಡನೆಯ ಸಲದ ಕಾರಣವನ್ನು ಯಾರೂ ಸುಲಭವಾಗಿ ಒಪ್ಪುವುದಿಲ್ಲ. ವಾರಕ್ಕೊಮ್ಮೆ ಪೋರ್ಟಲ್ ನೋಡಿ. ಸಮಯ ಸಾಲದಿದ್ದರೆ ಗಡುವು ಮುಗಿಯುವ ಮೊದಲೇ ಕಾಲಾವಕಾಶ ಕೋರಿ. ವಿಡಿಯೊ ಮೂಲಕ ವಿಚಾರಣೆ ಬೇಕೆಂದು ಲಿಖಿತವಾಗಿ ಕೇಳಿದರೆ 2021ರ ಮುಖಾಮುಖಿ ರಹಿತ ಮೇಲ್ಮನವಿ ಯೋಜನೆಯ ಪ್ರಕಾರ ಅದನ್ನು ಕೊಡಬೇಕಾಗುತ್ತದೆ. ನೀವು ಉತ್ತರಿಸದಿದ್ದರೂ ಆಯುಕ್ತರು ಅಷ್ಟಕ್ಕೇ ಮೇಲ್ಮನವಿಯನ್ನು ವಜಾ ಮಾಡುವಂತಿಲ್ಲ, ಗುಣದೋಷ ನೋಡಿಯೇ ತೀರ್ಮಾನಿಸಬೇಕು ಎಂದು ಬಾಂಬೆ ಹೈಕೋರ್ಟ್ 2016ರಲ್ಲಿ ಹೇಳಿದೆ.

ಆಯುಕ್ತರ ಆದೇಶವೂ ವಿರುದ್ಧವಾದರೆ ಮುಂದಿನ ಹಂತ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ. ಆದೇಶ ತಲುಪಿದ ತಿಂಗಳು ಮುಗಿದ ಮೇಲೆ ಎರಡು ತಿಂಗಳ ಅವಕಾಶವಿದೆ; ಗೊತ್ತುಪಡಿಸಿದ ಆದಾಯ 2 ಲಕ್ಷ ಮೀರಿದ್ದರೆ ಶುಲ್ಕ ಅದರ ಶೇ 1, ಗರಿಷ್ಠ 10,000 ರೂಪಾಯಿ. ಎರಡೂ ಹಂತಗಳಲ್ಲಿ ಗೈರುಹಾಜರಾದವರಿಗೂ ನ್ಯಾಯಮಂಡಳಿ ಅನೇಕ ಪ್ರಕರಣಗಳಲ್ಲಿ ಮತ್ತೊಂದು ಅವಕಾಶ ಕೊಟ್ಟಿದೆ, ಕೆಲವೊಮ್ಮೆ ವೆಚ್ಚ ವಿಧಿಸಿ.

ಈ ನಡುವೆ ದಂಡದ ನೋಟಿಸುಗಳು ಬೇರೆಯಾಗಿಯೇ ಬರುತ್ತವೆ: ನೋಟಿಸಿಗೆ ಉತ್ತರಿಸದಿದ್ದಕ್ಕೆ 272ಎ(1)(ಡಿ) ಪ್ರಕಾರ 10,000 ರೂಪಾಯಿ, 69ಎ ಸೇರ್ಪಡೆಗೆ 271ಎಎಸಿ ಪ್ರಕಾರ ತೆರಿಗೆಯ ಶೇ 10. ಮೇಲ್ಮನವಿಯ ಸ್ವೀಕೃತಿಯನ್ನು ಲಗತ್ತಿಸಿ, ಅದು ಇತ್ಯರ್ಥವಾಗುವವರೆಗೆ ದಂಡದ ಕ್ರಮವನ್ನು ತಡೆಹಿಡಿಯುವಂತೆ ಪ್ರತಿಯೊಂದಕ್ಕೂ ಗಡುವಿನೊಳಗೆ ಉತ್ತರ ಕೊಡಿ. ದಂಡದ ಆದೇಶ ಬಂದೇಬಿಟ್ಟರೆ ಅದರ ವಿರುದ್ಧ 30 ದಿನದೊಳಗೆ ಇನ್ನೊಂದು ಫಾರಂ 35 ಸಲ್ಲಿಸಬೇಕು. ಮೊದಲ ಮೇಲ್ಮನವಿ ಅದನ್ನು ಒಳಗೊಳ್ಳುವುದಿಲ್ಲ.